ಗಾಲಿಯ ಮೇಲಣ ಗೃಹಕೃತ್ಯ

ರಾಯಚೂರಿನ ಕೋಟೆಯನ್ನು ನೋಡಲು ಹೋದವರು ಅಲ್ಲಿಯ ಗೋಡೆಯೊಳಗೆ ಸೇರಿರುವ, ನಲವತ್ತು ಅಡಿಗಳಿಗೂ ಮಿಕ್ಕ ಉದ್ದದ ಏಕಶಿಲೆಯನ್ನು ಕಂಡು ಬೆರಗಾಗುತ್ತಾರೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಆ ದುರ್ಗವನ್ನು ಕಟ್ಟಿಸಿದ ವೃತ್ತಾಂತವನ್ನು ತಿಳಿಸುವ ಶಾಸನವು ಅದರ ಮೇಲಿದೆಯೆಂದು ಕೇಳಿ ತಲೆದೂಗುತ್ತಾರೆ. ಆದರೆ ಆ ಬಂಡೆಯನ್ನು ಗಣಿಯಿಂದ ಅಲ್ಲಿಗೆ ಸಾಗಿಸಿದ ಬಗೆಯನ್ನು ತೋರಿಸುವುದಕ್ಕಾಗಿ ಗೋಡೆಯ ಮೇಲೆಯೇ ಕೊರೆದಿರುವ ಒಂದು ರೇಖಾಚಿತ್ರವನ್ನು ನಿಂತು ನೋಡುವವರು ವಿರಳ. ಬಂಡಿಯ ಮೇಲೆ ನೀಳವಾಗಿ ಮಲಗಿದ ಕಲ್ಲು, ಅದನ್ನೆಳೆಯುವ ಕೋಣಗಳ ಉದ್ದನೆಯ ಸಾಲು, ಜೊತೆಗೆ ದುಡಿಯುವ ಆಳುಗಳು, ಇಷ್ಟೇ ಆ ಚಿತ್ರದ ವಸ್ತು. ಅರಸನನ್ನು ಬಿಟ್ಟು ಬಂಡಿಯನ್ನೂ ಹೇರನ್ನೂ ಚಿತ್ರಿಸಿದ ಆ ಅಜ್ಞಾತ ಶಿಲ್ಪಿಯ ವಿವೇಕವನ್ನು ನಾನು ಬಹುವಾಗಿ ಮೆಚ್ಚುತ್ತೇನೆ. ಯಾವ ಭಾರವನ್ನು, ಯಾವ ಗಾಲಿಗಳ ಮೇಲೆ, ಹೇಗೆ ಇರಿಸಿ ಕೊಂಡೊಯ್ಯಬೇಕೆಂಬ ಲೆಕ್ಕಾಚಾರವು ಈ ನೆಲದಲ್ಲಿ ಏಳು ಶತಮಾನಗಳ ಹಿಂದೆಯೇ ಕಲ್ಲಿನಲ್ಲಿ ಕೊರೆದಿಡುವಷ್ಟು ಗಣ್ಯವಾದ ವಿಷಯವಾಗಿತ್ತು.

ಅದೇ ಲೆಕ್ಕಾಚಾರವು ಈಗ ಹೊಸದೊಂದು ವಾಹನದ ನಿಮಿತ್ತವಾಗಿ ಮತ್ತೆ ನಮ್ಮ ಮುಂದೆ ಬಂದು ನಿಂತಿದೆ. ಹಗಲಿನಲ್ಲಿ ವಾಹನವಾಗಿಯೂ ಇರುಳಿನಲ್ಲಿ ಶಯ್ಯಾಗೃಹವಾಗಿಯೂ ಉಪಯೋಗಕ್ಕೆ ಬರುವ, ಅಡಿಗೆಯ ಸಲಕರಣೆ, ನೀರು, ಹಾಸಿಗೆ, ಉಡುಪು ಮೊದಲಾದುವನ್ನೆಲ್ಲ ತನ್ನ ಹೊಟ್ಟೆಯೊಳಗೆ ಇಟ್ಟುಕೊಂಡು ಸಂಚರಿಸುವ ಮೋಟಾರು ಬಂಡಿಗೆ ಕ್ಯಾಂಪರ್ ವ್ಯಾನ್ ಎಂದು ಹೆಸರು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯು 1950ರಲ್ಲಿ ಹೊರತಂದ ಪೆಟ್ಟಿಗೆಯಾಕಾರದ ವ್ಯಾನಿಗೆ ಹೊಂದುವಂತೆ ವೆಸ್ಟ್‌ಫಾಲಿಯಾ ಕಾರ್ಖಾನೆಯವರು ಮರುವರ್ಷವೇ ಮಂಚ, ಕಪಾಟು, ಮೇಜುಗಳ ಜೋಡಣೆಯನ್ನು ಸಿದ್ಧಪಡಿಸಿದ ಮೇಲೆ ಈ ಪದ್ಧತಿಯು ಯೂರೋಪು ಅಮೆರಿಕಗಳಲ್ಲಿ ವಿಶೇಷವಾಗಿ ಹಬ್ಬಿತು. ನಮ್ಮಲ್ಲಿಯೂ ಟೆಂಪೋ ಟ್ರಾವೆಲರ್‌ನಂತಹ ವಾಹನಗಳನ್ನು ಹೀಗೆ ಅಣಿಗೊಳಿಸಿ ಕುಟುಂಬ ಸಮೇತ ದೇಶ ನೋಡಲು ಹೊರಡುವವರ ಸಂಖ್ಯೆ ಬೆಳೆಯುತ್ತಿದೆ. ಅಂಥವರೆಲ್ಲರೂ ಮೊದಲು ಆಡುವ ಮಾತು ಒಂದೇ: ಜಾಗ ಸಾಲದು.

ಈ ಮಾತನ್ನು ಹಾಗೆಯೇ ಒಪ್ಪಿಕೊಳ್ಳುವುದಕ್ಕೆ ಮೊದಲು ಚಿಕ್ಕದೊಂದು ಗುಣಾಕಾರವನ್ನು ಮಾಡಿ ನೋಡುವುದು ಲೇಸು. ವ್ಯಾನಿನೊಳಗಣ ಮಂಚವು 6 ಅಡಿ ಉದ್ದ, 4 ಅಡಿ ಅಗಲವಾಗಿದ್ದು ಅದರ ಕೆಳಗೆ ಒಂದೂವರೆ ಅಡಿಯ ಎತ್ತರ ಖಾಲಿ ಇದ್ದಿತೆಂದರೆ, ಅಲ್ಲಿ 36 ಘನ ಅಡಿಗಳ, ಅಂದರೆ ಒಂದು ಘನಮೀಟರಿಗೂ ತುಸು ಮಿಗಿಲಾದ ಅವಕಾಶವುಂಟು. ಆ ಅವಕಾಶವನ್ನು ಪೂರ್ತಿಯಾಗಿ ನೀರಿನಿಂದ ತುಂಬಿದರೆ ಅದರ ತೂಕವು 1000 ಕಿಲೋಗ್ರಾಮನ್ನು ಮೀರುತ್ತದೆ, ಮತ್ತು ಅಷ್ಟು ಭಾರವನ್ನು ಪ್ರಯಾಣಿಕರ ಜೊತೆಗೆ ಹೊರುವ ಶಕ್ತಿ ಸಾಮಾನ್ಯ ವ್ಯಾನಿಗಿಲ್ಲ. ಆದುದರಿಂದ ಸಂಚಾರಿ ಗೃಹಸ್ಥನಿಗೆ ಸ್ಥಳದ ಮಿತಿಗಿಂತಲೂ ಮೊದಲು ಎದುರಾಗತಕ್ಕದ್ದು ಭಾರದ ಮಿತಿ. ವಾಹನದ ಬರಿದಾದ ತೂಕವೆಷ್ಟು, ಸರ್ವವೂ ಸೇರಿ ಅದು ಹೊರಬಹುದಾದ ಪರಮಾವಧಿ ತೂಕವೆಷ್ಟು ಎಂಬ ಎರಡು ಅಂಕಿಗಳನ್ನು ತಿಳಿದುಕೊಂಡು, ಮೊದಲನೆಯದನ್ನು ಎರಡನೆಯದರಿಂದ ಕಳೆದರೆ ಉಳಿಯುವುದೇ ನಮ್ಮ ನಿಜವಾದ ಆಸ್ತಿ. ಅದರಲ್ಲಿ ಮನುಷ್ಯರ ತೂಕವೂ ಸೇರಿದೆಯೆಂಬುದನ್ನು ಮರೆಯುವಂತಿಲ್ಲ. ಹತ್ತಿಯ ವ್ಯಾಪಾರಕ್ಕೆ ಹೆಸರಾದ ರಾಯಚೂರಿನಲ್ಲಿಯೂ, ಅಕ್ಕಿಯ ಗಿರಣಿಗಳುಳ್ಳ ಮಾನ್ವಿಯಲ್ಲಿಯೂ ಲಾರಿಗಳನ್ನು ತೂಗುವ ವೇಬ್ರಿಜ್‌ಗಳಿಗೆ ಕೊರತೆಯಿಲ್ಲ. ಸಾಮಾನು ತುಂಬಿದ ವ್ಯಾನಿನ ಮುಂದಿನ ಗಾಲಿಗಳನ್ನಷ್ಟೇ ಮೊದಲು ತಕ್ಕಡಿಯ ಮೇಲೆ ನಿಲ್ಲಿಸಿ ಒಂದು ಸಲ, ಇಡೀ ವಾಹನವನ್ನು ನಿಲ್ಲಿಸಿ ಇನ್ನೊಂದು ಸಲ ತೂಗಿಸಿದರೆ, ಒಟ್ಟು ಭಾರವೂ ಅದು ಮುಂದೆ ಹಿಂದೆ ಹಂಚಿಹೋಗಿರುವ ಪ್ರಮಾಣವೂ ಒಟ್ಟಿಗೆ ತಿಳಿದುಬರುತ್ತವೆ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ.

ಇಷ್ಟಾದ ಮೇಲೂ ಜಾಗದ ಪ್ರಶ್ನೆ ಉಳಿಯುತ್ತದೆ, ನಿಜ. ಆದರೆ ಅದಕ್ಕೆ ಉತ್ತರವನ್ನು ಹುಡುಕುವವರು ಶೀತದೇಶಗಳಲ್ಲಿ ಅಚ್ಚಾದ ನಕ್ಷೆಗಳನ್ನು ತಂದು, ಕಪಾಟಿನ ಮೇಲೆ ಕಪಾಟನ್ನು ಜೋಡಿಸಿ, ಪ್ಲೈವುಡ್ಡಿನ ಭಾರದಲ್ಲಿಯೇ ಅರ್ಧ ಸಾಮರ್ಥ್ಯವನ್ನು ಕಳೆದುಕೊಳ್ಳುವುದನ್ನು ಕಂಡಾಗ, ಕೃಷ್ಣೆ-ತುಂಗಭದ್ರೆಗಳ ನಡುವಣ ಈ ಎರೆಯ ನಾಡಿನಲ್ಲಿ ತಲೆಮಾರುಗಳಿಂದ ಮನೆಯನ್ನು ಬಂಡಿಯ ಮೇಲೆ, ಕುದುರೆಯ ಬೆನ್ನಿನ ಮೇಲೆ, ತಲೆಯ ಮೇಲೆ ಹೊತ್ತು ತಿರುಗಿದ ಜನರ ಜ್ಞಾನವನ್ನು ಯಾರೂ ಕೇಳಲಿಲ್ಲವಲ್ಲಾ ಎಂದು ನನಗೆ ವ್ಯಥೆಯಾಗುತ್ತದೆ. ಅವರ ಪದ್ಧತಿಯಲ್ಲಿ ವಾಹನವು ಉಗ್ರಾಣ, ವಾಸವೆಲ್ಲ ಬಯಲಿನಲ್ಲಿ. ಈ ಒಂದು ವ್ಯತ್ಯಾಸವನ್ನು ಗ್ರಹಿಸಿದವರಿಗೆ ವ್ಯಾನಿನ ಇಕ್ಕಟ್ಟಿನ ಮುಕ್ಕಾಲು ಪಾಲು ತಾನಾಗಿ ಪರಿಹಾರವಾಗುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ.

ಜಾತ್ರೆಯ ಬಂಡಿಯನ್ನೇ ತೆಗೆದುಕೊಳ್ಳಿ. ದೇವಸೂಗೂರಿನ ಸೂಗೂರೇಶ್ವರನ ಜಾತ್ರೆಗೋ, ನೀರಮಾನ್ವಿಯ ಯಲ್ಲಮ್ಮನ ಜಾತ್ರೆಗೋ ಕುಟುಂಬ ಸಮೇತನಾಗಿ ಹೊರಡುವ ಒಕ್ಕಲಿಗನು, ಬಿದಿರಿನ ಕಮಾನು ಕಟ್ಟಿ ತಟ್ಟಿಯನ್ನೋ ಗುಡಾರವನ್ನೋ ಹೊದಿಸಿದ ಸವಾರಿ ಬಂಡಿಯ ಹಾಸಿನ ಮೇಲೆ ಮೊದಲು ಹರಡುತ್ತಿದ್ದುದು ಜೋಳದ ಕಣಿಕೆಯನ್ನು. ಅದರ ಮೇಲೆ ಜಮಖಾನ. ಅದರ ಮೇಲೆ ಮುದುಕರು, ಹೆಂಗಸರು, ಮಕ್ಕಳು. ಆ ಕಣಿಕೆಯು ದಾರಿಯಲ್ಲಿ ಮೆತ್ತೆ, ಬೀಡಿನಲ್ಲಿ ಎತ್ತುಗಳ ಮೇವು. ದಿನದಿನಕ್ಕೆ ಅದು ಕರಗಿದಂತೆ ಬಂಡಿಯೊಳಗೆ ತೆರವಾಗುವ ಸ್ಥಳವು, ಜಾತ್ರೆಯಲ್ಲಿ ಕೊಂಡ ಮಂಡಾಳಿನ ಚೀಲ, ಬೆಂಡು ಬೆತ್ತಾಸಗಳ ಗಂಟು, ಹೊಸ ಗಡಿಗೆಗಳಿಗೆ ಎಡೆಯಾಗುತ್ತಿತ್ತು. ಹೋಗುವಾಗ ತುಂಬಿದ್ದು ಬರುವಾಗ ಬರಿದಾಗಬೇಕು, ಬರಿದಾದುದನ್ನು ಬೇರೊಂದು ತುಂಬಬೇಕು ಎಂಬ ಈ ಕಾಲಾನುಕ್ರಮದ ಯೋಜನೆಯು ಇಂದಿನ ವ್ಯಾನುಗಳಲ್ಲಿ ಅಪರೂಪ. ಹೊರಡುವ ದಿವಸವೇ ಮೂಲೆ ಮೂಲೆಯನ್ನೂ ತುಂಬಿಕೊಂಡ ವಾಹನದಲ್ಲಿ ಒಂದು ಸೀಬೆಹಣ್ಣಿನ ಬುಟ್ಟಿಗೂ ಸ್ಥಳವಿರುವುದಿಲ್ಲ.

ಬಂಡಿಯ ಅಡಿಯಲ್ಲಿ, ಅಚ್ಚಿನ ಹಿಂದೆ ಮುಂದೆ, ಹಗ್ಗದ ಜಾಳಿಗೆಯೊಂದು ತೂಗಾಡುತ್ತಿತ್ತು. ಹಿಂಡಿಯ ಗಂಟು, ನೀರು ಕುಡಿಸುವ ಬಕೀಟು, ಹಗ್ಗದ ಸುರುಳಿ, ಹೀಗೆ ಕೊಳೆಯಾದರೂ ಚಿಂತೆಯಿಲ್ಲದ, ಒಳಗಿಟ್ಟರೆ ಒಳಗನ್ನೇ ಕೊಳೆಮಾಡುವ ವಸ್ತುಗಳೆಲ್ಲ ಅದರೊಳಗೆ. ಕೀಲೆಣ್ಣೆಯ ಬುಡ್ಡಿಯು ಹೊರಗಡೆ ಒಂದು ಗೂಟಕ್ಕೆ. ವ್ಯಾನಿನ ಹಿಂಬಾಗಿಲಿನ ಒಳಮೈಗೆ ಗಟ್ಟಿಯಾದ ಬಲೆಯೊಂದನ್ನು ಬಿಗಿದು ಚಪ್ಪಲಿ, ಜ್ಯಾಕು, ನೀರಿನ ಕೊಳವೆ, ಸನಿಕೆಗಳನ್ನು ಅಲ್ಲಿಗೆ ಸೇರಿಸಿದರೆ ಇದೇ ಪ್ರಯೋಜನವು ದೊರೆಯುತ್ತದೆ. ಮಳೆಗಾಲದಲ್ಲಿ ದೇವದುರ್ಗದ ಎರೆಮಣ್ಣು ಪಾದರಕ್ಷೆಗೆ ಅಂಟಿಕೊಳ್ಳುವ ಬಗೆಯನ್ನು ಬಲ್ಲವರು ಇದರ ಅಗತ್ಯವನ್ನು ಪ್ರಶ್ನಿಸಲಾರರು.

ಬಂಡಿ ಹೂಡುವವರು ಮುಂಭಾರ, ಹಿಂಭಾರ ಎಂಬ ಎರಡು ಮಾತುಗಳನ್ನು ನಿತ್ಯವೂ ಬಳಸುತ್ತಿದ್ದರು. ಹೇರು ಮುಂದಕ್ಕೆ ಸರಿದರೆ ನೊಗವು ಎತ್ತಿನ ಹೆಗಲನ್ನು ಅದುಮುತ್ತದೆ; ಹಿಂದಕ್ಕೆ ಸರಿದರೆ ನೊಗವು ಮೇಲೆದ್ದು ಜತ್ತಿಗೆಯು ಕೊರಳನ್ನು ಬಿಗಿಯುತ್ತದೆ; ಅಚ್ಚಿನ ನೇರಕ್ಕೆ, ಕೊಂಚವೇ ಮುಂದಕ್ಕೆ ತೂಗುವಂತೆ ಹೇರಿದ ಬಂಡಿಯೇ ಸುಖವಾಗಿ ಸಾಗುವುದು. ಮೋಟಾರು ವಾಹನದಲ್ಲಿ ಎತ್ತಿನ ಕೊರಳು ಇಲ್ಲದಿದ್ದರೂ ನಿಯಮವು ಬದಲಾಗಿಲ್ಲ. ಹಿಂದಿನ ಅಚ್ಚಿನಿಂದಾಚೆಗೆ ಭಾರವನ್ನು ಪೇರಿಸಿದಷ್ಟೂ ಮುಂದಿನ ಗಾಲಿಗಳ ಮೇಲಣ ಒತ್ತಡವು ಕಡಿಮೆಯಾಗಿ ಚುಕ್ಕಾಣಿಯು ಹಗುರವಾಗುತ್ತದೆ, ತಿರುವಿನಲ್ಲಿ ವಾಹನವು ಚಾಲಕನ ಮಾತನ್ನು ಕೇಳದೆ ಹೋಗುತ್ತದೆ. ಬ್ಯಾಟರಿ, ನೀರಿನ ತೊಟ್ಟಿ, ಅಕ್ಕಿ ಜೋಳಗಳ ಡಬ್ಬಿ, ಉಪಕರಣಗಳ ಪೆಟ್ಟಿಗೆ, ಇವು ಎರಡು ಅಚ್ಚುಗಳ ನಡುವೆ ನೆಲಕ್ಕೆ ತಾಗಿಕೊಂಡು ಇರತಕ್ಕವು. ಎಡಬಲಗಳಲ್ಲಿಯೂ ತೂಕವು ಸರಿಸಮವಾಗಿರಬೇಕು. ಛಾವಣಿಯ ಸಮೀಪಕ್ಕೆ ಹೋಗತಕ್ಕದ್ದು ಹಾಸಿಗೆ, ಬಟ್ಟೆ, ಮಂಡಾಳು ಮೊದಲಾದ ಸ್ಥೂಲವಾದರೂ ಹಗುರವಾದ ಪದಾರ್ಥಗಳು ಮಾತ್ರ. ಬಿಗಿಯದೆ ಇಟ್ಟ ವಸ್ತುವಿನ ಅಪಾಯವೂ ಸಣ್ಣದಲ್ಲ: ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಓಡುತ್ತಿರುವ ವಾಹನವು ಏಕಾಏಕಿ ನಿಂತಾಗ, 20 ಲೀಟರು ನೀರಿನ ಕ್ಯಾನು ಮುಂದಕ್ಕೆ ಚಿಮ್ಮಿ ಹೊಡೆಯುವ ಆಘಾತವು ಅದನ್ನು ಸುಮಾರು 10 ಮೀಟರು ಎತ್ತರದಿಂದ ಕೆಡವಿದುದಕ್ಕೆ ಸಮ. ಮುಂದೆ ಕುಳಿತವರು ಮಕ್ಕಳಾಗಿರಬಹುದು. ಆದಕಾರಣ ಪ್ರತಿಯೊಂದು ಪೆಟ್ಟಿಗೆಗೂ ಒಂದು ಪಟ್ಟಿ, ಪ್ರತಿಯೊಂದು ಬಾಗಿಲಿಗೂ ಒಂದು ಚಿಲಕವಿರುವುದು ಅವಶ್ಯ.

ಬಂಡಿಗಿಂತಲೂ ಕಠಿಣವಾದ ಮಿತಿಯೊಳಗೆ ಸಂಸಾರ ಮಾಡುವವರು ಕುರಿಗಾಹಿಗಳು. ಈ ಜಿಲ್ಲೆಯ ಕಲ್ಲುಗುಡ್ಡಗಳ ಪ್ರದೇಶವು ಕೆಂಗುರಿ ಎಂಬ ಕಂದುಬಣ್ಣದ ಕುರಿತಳಿಯ ತವರು. ದೇವದುರ್ಗ ತಾಲ್ಲೂಕಿನ ತಿಂಥಣಿ ಬ್ರಿಜ್‌ನಲ್ಲಿ ಕುರಿಗಾಹಿಗಳ ಸಮುದಾಯವಾದ ಹಾಲುಮತದವರ ಕನಕ ಗುರುಪೀಠವಿದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಮಾನ್ವಿಯ ಗದ್ದೆಗಳಲ್ಲಿ ಭತ್ತದ ಕೊಯಿಲು ಮುಗಿಯುತ್ತಲೂ ಹಟ್ಟಿಯ ಹಿಂದೆ ಹಟ್ಟಿಯಾಗಿ ಬಂದಿಳಿಯುವ ಕುರಿಗಾರರು, ರೈತನ ಹೊಲದಲ್ಲಿ ಮಂದೆಯನ್ನು ತರುಬಿ, ಗೊಬ್ಬರಕ್ಕೆ ಪ್ರತಿಯಾಗಿ ಕಾಳನ್ನೋ ಹಣವನ್ನೋ ಪಡೆದು ಮತ್ತೊಂದು ಹೊಲಕ್ಕೆ ನಡೆಯುತ್ತಾರೆ. ಕುದುರೆಯೊಂದರ ಅಥವಾ ಕತ್ತೆಯೊಂದರ ಬೆನ್ನೇ ಅವರ ಮನೆಯ ವಿಸ್ತಾರ. ಈಚೆಗೆ ಕೆಲವರಿಗೆ ಚಿಕ್ಕ ಸರಕು ವಾಹನವೂ ಒದಗಿದೆ. ಆ ಬೆನ್ನಿನ ಮೇಲೆ ಹಟ್ಟಿಗೆ ಸುತ್ತುವ ಬಲೆ, ಗೂಟಗಳ ಕಟ್ಟು, ಹಿಟ್ಟಿನ ಚೀಲ, ನಾಲ್ಕು ಪಾತ್ರೆ, ಜಾಳಿಗೆಯಲ್ಲಿ ನಡೆಯಲಾರದ ಮರಿಗಳು, ಕೆಲವೊಮ್ಮೆ ಆ ಮರಿಗಳ ಪಕ್ಕದಲ್ಲಿಯೇ ಮನುಷ್ಯರ ಮಗು.

ಇವರ ಹೇರಿನಲ್ಲಿ ಒಂದೇ ಪ್ರಯೋಜನವುಳ್ಳ ವಸ್ತುಗಳು ಅತ್ಯಂತ ಕಡಿಮೆಯೆಂಬುದನ್ನು ಸೂಕ್ಷ್ಮವಾಗಿ ಗಮನಿಸಬೇಕು. ಹುಣಸೆಬೀಜದ ಗಂಜಿಯನ್ನು ಹಚ್ಚಿ ಬಿರುಸುಗೊಳಿಸಿದ ಕರಿಯ ಕಂಬಳಿಯು ಇರುಳಿನಲ್ಲಿ ಹಾಸಿಗೆ ಹೊದಿಕೆ, ಮಳೆಯಲ್ಲಿ ಕೊಪ್ಪೆ, ಬಿಸಿಲಿನಲ್ಲಿ ನೆರಳು, ನಡೆಯುವಾಗ ಹೆಗಲ ಮೇಲಣ ಮೆತ್ತೆ, ಅತಿಥಿ ಬಂದರೆ ಗದ್ದುಗೆ, ಕಾಳು ದೊರೆತರೆ ಗಂಟು. ಬಿಡಾರದಲ್ಲಿ ಮೊದಲು ಬೇಕಾದುದು ಹೇರಿನಲ್ಲಿ ಕಡೆಗೆ ಏರುತ್ತದೆ: ಸಂಜೆ ಇಳಿದೊಡನೆ ಮಂದೆಗೆ ಬಲೆ ಸುತ್ತಬೇಕಾದುದರಿಂದ ಬಲೆಯು ಮೇಲೆ, ಹಿಟ್ಟು ಅದರ ಕೆಳಗೆ, ತಿಂಗಳಿಗೊಮ್ಮೆ ಬೇಕಾಗುವುದು ತಳದಲ್ಲಿ. ನೆಲವು ಕೊಡುವುದನ್ನು ಅವರು ಹೊರುವುದಿಲ್ಲ. ಒಲೆಗೆ ಮೂರು ಕಲ್ಲು ಎಲ್ಲಿಯೂ ಸಿಗುತ್ತದೆ. ವ್ಯಾನನ್ನು ಅಣಿಗೊಳಿಸುವವನು ತನ್ನ ಸಾಮಾನುಗಳನ್ನೆಲ್ಲ ಒಮ್ಮೆ ಅಂಗಳದಲ್ಲಿ ಹರಡಿ, ಎರಡು ಕೆಲಸಕ್ಕೆ ಬಾರದುದನ್ನು ಒಂದು ಕಡೆಗೆ ಸರಿಸಿ, ಉಳಿದುದನ್ನು ದಿನದ ಹೊತ್ತಿಗನುಸಾರವಾಗಿ ವಿಂಗಡಿಸಿದರೆ—ಬೆಳಗಿನ ಚಹಾದ್ದು ಒಂದು ಪೆಟ್ಟಿಗೆ, ಸ್ನಾನದ್ದು ಒಂದು, ರಾತ್ರಿಯದು ಒಂದು—ಒಂದು ಲೋಟಕ್ಕಾಗಿ ಇಡೀ ಮನೆಯನ್ನು ಬಗೆಯುವ ಪ್ರಸಂಗವು ತಪ್ಪುತ್ತದೆ. ಪದಾರ್ಥದ ಜಾತಿಗನುಸಾರವಾಗಿ ವಿಂಗಡಿಸುವುದು ಸ್ಥಿರವಾದ ಮನೆಗೆ ಒಪ್ಪುವ ಕ್ರಮ. ಚಲಿಸುವ ಮನೆಗೆ ಹೊತ್ತೇ ಮುಖ್ಯ.

ದೇವದುರ್ಗದ ತಾಂಡಾಗಳಲ್ಲಿ ಇಂದು ನೆಲೆಗೊಂಡಿರುವ ಲಂಬಾಣಿ ಜನರ ಪೂರ್ವಿಕರು ಎತ್ತುಗಳ ಬೆನ್ನಿನ ಎರಡು ಪಕ್ಕಗಳಿಗೆ ಗೋಣಿಗಳನ್ನು ಸಮತೂಕವಾಗಿ ಇಳಿಬಿಟ್ಟು ಉಪ್ಪು ಧಾನ್ಯಗಳನ್ನು ದೇಶದುದ್ದಕ್ಕೂ ಸಾಗಿಸಿದವರು. ಮುಂಬಯಿಯ ಕಡೆಯಿಂದಲೂ ಮದರಾಸಿನ ಕಡೆಯಿಂದಲೂ ಬಂದ ಎರಡು ರೈಲುಮಾರ್ಗಗಳು 1871ರಲ್ಲಿ ರಾಯಚೂರಿನಲ್ಲಿಯೇ ಕೂಡಿಕೊಂಡುವು. ಅಂತಹ ಮಾರ್ಗಗಳು ಹಬ್ಬಿದಂತೆ ಆ ವೃತ್ತಿಯು ಅಳಿದುಹೋಯಿತು. ವೃತ್ತಿಯ ಜೊತೆಗೆ ಅದರ ಕುಶಲತೆಯೂ ದಾಖಲೆಯಿಲ್ಲದೆ ಹೋದುದು ನಷ್ಟವೇ ಸರಿ.

ನಿಂತ ಮನೆಗಳಲ್ಲಿಯೂ ನಮ್ಮ ಹಿರಿಯರು ಸ್ಥಳವನ್ನು ಬಳಸಿದ ರೀತಿಯು ವ್ಯಾನಿಗೆ ಆಶ್ಚರ್ಯಕರವಾಗಿ ಹೊಂದುತ್ತದೆ. ಅಂಕಣ ಅಂಕಣವಾಗಿ ಅಳೆದು ಕಟ್ಟಿದ ಮಾಳಿಗೆಮನೆಯ ಗೋಡೆಯ ದಪ್ಪದಲ್ಲಿಯೇ ಮಾಡಗಳು. ಜಂತೆಗೆ ತೂಗುಬಿಟ್ಟ ನೆಲವಿನಲ್ಲಿ ಹಾಲು ಮೊಸರು. ಮೂಲೆಯಲ್ಲಿ ದೊಡ್ಡದರ ಮೇಲೆ ಚಿಕ್ಕದಾಗಿ ನಿಂತ ಅಡಕಲು ಗಡಿಗೆಗಳು. ನೆಲದಡಿಯ ಹಗೇವಿನಲ್ಲಿ ವರ್ಷದ ಜೋಳ. ಇವುಗಳಲ್ಲಿ ಪ್ರತಿಯೊಂದಕ್ಕೂ ವ್ಯಾನಿನಲ್ಲಿ ಪ್ರತಿರೂಪವುಂಟು. ಲೋಹದ ಮೈಗಟ್ಟಿನ ಪಕ್ಕೆಗಳ ನಡುವೆ ನಾಲ್ಕಾರು ಅಂಗುಲಗಳ ಕುಳಿಗಳಿರುತ್ತವೆ. ಅವನ್ನು ಹಲಗೆಯಿಂದ ಮುಚ್ಚಿಬಿಡುವ ಬದಲು ಮಾಡಗಳಾಗಿ ಉಳಿಸಿಕೊಂಡರೆ ಕನ್ನಡಕ, ದೀಪ, ಪುಸ್ತಕಗಳಿಗೆ ನೆಲೆ ದೊರೆಯುತ್ತದೆ. ತೂಗುವ ಬಲೆಯಲ್ಲಿ ಇಟ್ಟ ತರಕಾರಿಯು ಗಾಳಿಯಾಡುವುದರಿಂದ ಕೊಳೆಯುವುದು ನಿಧಾನ. ಕುಲುಕಾಟದಲ್ಲಿ ಮೊಟ್ಟೆಯೂ ಅಲ್ಲಿ ಹೆಚ್ಚು ಕ್ಷೇಮ. ಅಡಕಲು ಗಡಿಗೆಗಳ ಸ್ಥಾನಕ್ಕೆ ಒಂದರೊಳಗೊಂದು ಅಡಗುವ ಪಾತ್ರೆಗಳು. ಒಳಗೆ ಕಿರಿದಾದ ಹಲವು ಅರೆಗಳುಳ್ಳ ಎಲೆಯಡಿಕೆಯ ಸಂಚಿ, ಹೆಗಲ ಮುಂದೆ ಹಿಂದೆ ಸಮವಾಗಿ ಜೋಲುವ ಎರಡು ಬಾಯಿಯ ಹಸಿಬೆ ಚೀಲ, ಇವನ್ನು ಹೊಲಿದುಕೊಡಬಲ್ಲ ಸಿಂಪಿಗರು ಇನ್ನೂ ನಮ್ಮ ಪೇಟೆಗಳಲ್ಲಿದ್ದಾರೆ. ಚಾಲಕನ ಆಸನದ ಬೆನ್ನಿಗೆ ಹಸಿಬೆಯ ಮಾದರಿಯ ದಪ್ಪ ಬಟ್ಟೆಯ ಚೀಲವೊಂದನ್ನು ಹಾಕಿದರೆ, ಮರದ ಕಪಾಟಿನ ತೂಕದ ಹತ್ತನೆಯ ಒಂದು ಪಾಲೂ ಇಲ್ಲದೆ ಅದೇ ಕೆಲಸವಾಗುತ್ತದೆ.

ಆಹಾರದ ವಿಷಯಕ್ಕೆ ಬಂದರೆ ರಾಯಚೂರಿನವರು ವಿಶೇಷ ಭಾಗ್ಯಶಾಲಿಗಳು. ಚೆನ್ನಾಗಿ ಒಣಗಿಸಿದ ಖಡಕ್ ಜೋಳದ ರೊಟ್ಟಿಯಲ್ಲಿ ನೀರಿನ ಅಂಶವು ಇಲ್ಲವೆನ್ನುವಷ್ಟು ಕಡಿಮೆಯಾಗಿ ಉಳಿಯುವುದರಿಂದ ಬೂಷ್ಟು ಹಿಡಿಯದೆ ವಾರಗಟ್ಟಲೆ ಬಾಳುತ್ತದೆ. ತೆಳ್ಳನೆಯ ತಟ್ಟೆಗಳಾದುದರಿಂದ ಒಂದರ ಮೇಲೊಂದಾಗಿ ಪೇರಿಸಿ ಬಟ್ಟೆಯಲ್ಲಿ ಕಟ್ಟಿದ ಒಂದು ಮೊಳದೆತ್ತರದ ಗಂಟಿನಲ್ಲಿ ಇಡೀ ಕುಟುಂಬದ ಹಲವು ದಿನಗಳ ಊಟ ಅಡಗಿರುತ್ತದೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿಗಳಿಗೆ ಶೀತಪೆಟ್ಟಿಗೆಯ ಹಂಗಿಲ್ಲ. ವ್ಯಾನಿನಲ್ಲಿ ಫ್ರಿಜ್ಜು ಆಕ್ರಮಿಸುವ ಸ್ಥಳವಷ್ಟೇ ಅಲ್ಲದೆ, ಅದನ್ನು ನಡೆಸಲು ಬೇಕಾದ ಬ್ಯಾಟರಿಯ ಭಾರವನ್ನೂ ಕೂಡಿ ನೋಡಿದರೆ, ಈ ಒಣ ಆಹಾರವು ಉಳಿಸಿಕೊಡುವ ಅವಕಾಶವೆಷ್ಟೆಂಬುದು ಗೊತ್ತಾಗುತ್ತದೆ. ಮಾವಿನಕಾಯಿಯ ಉಪ್ಪಿನಕಾಯಿಗೆ ಗಾಜಿನ ಶೀಸೆ ಬೇಡ. ಬಿಗಿಯಾದ ತಿರುಪಿನ ಮುಚ್ಚಳವುಳ್ಳ ಚಿಕ್ಕ ಸ್ಟೀಲ್ ಡಬ್ಬಿ ಸಾಕು.

ನೀರಿನಲ್ಲಿ ಮಾತ್ರ ಮಿತವ್ಯಯಕ್ಕೊಂದು ಎಲ್ಲೆಯಿದೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಇಲ್ಲಿಯ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದು ಸಾಮಾನ್ಯ. ಅಂತಹ ದಿನಗಳಲ್ಲಿ ಕುಡಿಯುವ ನೀರನ್ನು ಕಡಿಮೆಮಾಡುವುದು ಆತ್ಮದ್ರೋಹ. ಲೀಟರಿಗೆ ಒಂದು ಕಿಲೋ ತೂಕ. ನಾಲ್ಕು ದೊಡ್ಡ ಕ್ಯಾನುಗಳೆಂದರೆ 80 ಕಿಲೋ, ಹೆಚ್ಚಿನ ಪ್ರಯಾಣಿಕನೊಬ್ಬನ ಭಾರ. ಒಂದೇ ದೊಡ್ಡ ತೊಟ್ಟಿಗಿಂತ ಹಲವು ಚಿಕ್ಕ ಕ್ಯಾನುಗಳೇ ಉತ್ತಮವೆಂದು ನನಗೆ ತೋರುತ್ತದೆ: ಬರಿದಾದುದನ್ನು ಹೊರಗೆ ಕಟ್ಟಬಹುದು, ನೀರು ತುಂಬುವಲ್ಲಿಗೆ ಕೈಯಲ್ಲಿ ಒಯ್ಯಬಹುದು, ಅರೆತುಂಬಿದ ತೊಟ್ಟಿಯೊಳಗೆ ನೀರು ಅತ್ತಿತ್ತ ನುಗ್ಗಿ ವಾಹನವನ್ನು ತೊನೆದಾಡಿಸುವುದೂ ಇಲ್ಲ. ಅಡಿಗೆಯ ಅನಿಲಕ್ಕೆ 5 ಕಿಲೋಗ್ರಾಮಿನ ಚಿಕ್ಕ ಸಿಲಿಂಡರು ಸಾಕು, ಮನೆಯ 14.2 ಕಿಲೋಗ್ರಾಮಿನದು ಕಬ್ಬಿಣದ ತೂಕವೂ ಸೇರಿ ಸುಮಾರು 30 ಕಿಲೋಗ್ರಾಮಾಗುತ್ತದೆ. ಈ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದಲ್ಲಿಯೇ ಸಂಗ್ರಹವಾಗುತ್ತದೆ; ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಬಿಗಿಯತಕ್ಕ ಗೂಡಿಗೆ ತಳದಲ್ಲಿ ಹೊರಕ್ಕೆ ತೆರೆದ ರಂಧ್ರವಿರಬೇಕು, ಮಲಗುವ ಸ್ಥಳದಿಂದ ಅದು ಬೇರ್ಪಟ್ಟಿರಬೇಕು. ಔಷಧಿಗಳನ್ನು ಗಾಜಿನ ಕಿಟಕಿಯ ಬಳಿಯಲ್ಲಾಗಲಿ ತಗಡಿಗೆ ತಾಗಿಸಿಯಾಗಲಿ ಇಡಲಾಗದು.

ಶೀತದೇಶದ ನಕ್ಷೆಯು ಅಡಿಗೆ, ಊಟ, ಸ್ನಾನ, ನಿದ್ರೆಗಳನ್ನೆಲ್ಲ ಮುಚ್ಚಿದ ಬಾಗಿಲಿನೊಳಗೆ ಕಲ್ಪಿಸುತ್ತದೆ. ಹಿಮ ಬೀಳುವಲ್ಲಿ ಅದು ಯುಕ್ತವೇ. ರಾಯಚೂರು ಸೀಮೆಯಲ್ಲಿಯಾದರೋ ವರ್ಷದ ಬಹುಭಾಗದಲ್ಲಿ ಮಳೆಯ ಭಯವಿಲ್ಲ, ತಗಡಿನ ಡಬ್ಬಿಯೊಳಗೆ ಒಲೆ ಹೊತ್ತಿಸುವುದು ಹಿಂಸೆ, ಮಾಳಿಗೆಯ ಮೇಲೆ ಮಲಗಿ ಬೆಳೆದ ಜನರಿಗೆ ಬಯಲಿನ ನಿದ್ರೆಯೇ ಸಹಜ. ಹಿಂಬಾಗಿಲನ್ನು ಎತ್ತಿದೊಡನೆ ಅದರ ನೆರಳಿನಲ್ಲಿ ಹೊರಕ್ಕೆ ಜಾರಿಬರುವ ಹಲಗೆಯ ಮೇಲೆ ಒಲೆ, ಪಕ್ಕಕ್ಕೆ ಕಟ್ಟಿದ ಗುಡಾರದ ಕೆಳಗೆ ಚಾಪೆ, ಮಡಿಸುವ ನಾಲ್ಕು ಹಗ್ಗದ ಮಂಚ—ಇಷ್ಟರಿಂದ ವ್ಯಾನಿನೊಳಗಣ ಅಡಿಗೆಕೋಣೆ, ಊಟದ ಮೇಜು, ಅರ್ಧ ಶಯ್ಯಾಗೃಹ ಎಲ್ಲವೂ ಉಗ್ರಾಣಕ್ಕೆ ಬಿಟ್ಟುಕೊಡಬಹುದಾದ ಸ್ಥಳಗಳಾಗುತ್ತವೆ. ಮುಂಗಾರಿನ ಎರಡು ಮೂರು ತಿಂಗಳಲ್ಲಿ ಈ ವ್ಯವಸ್ಥೆ ನಡೆಯದು; ಆಗ ಜನ ಕಡಿಮೆ, ಸಾಮಾನೂ ಕಡಿಮೆ ಇರಬೇಕಷ್ಟೆ. ಒಳಗಡೆ ಯಾವುದನ್ನೂ ಶಾಶ್ವತವಾಗಿ ಜಡಿಯದೆ, ಋತುವಿಗೆ ತಕ್ಕಂತೆ ಬಿಚ್ಚಿ ಕೂಡಿಸಬಹುದಾದ ಪೆಟ್ಟಿಗೆಗಳನ್ನು ಬಳಸಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ. ಕಾನೂನಿನ ದೃಷ್ಟಿಯಿಂದಲೂ ಇದು ಕ್ಷೇಮ: 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮೂಲರಚನೆಯನ್ನು ಮನಬಂದಂತೆ ಮಾರ್ಪಡಿಸುವುದನ್ನು ನಿಷೇಧಿಸುತ್ತದೆ, ಆಸನಗಳನ್ನು ಕಿತ್ತು ಮೈಗಟ್ಟನ್ನು ಕೊಯ್ಯುವುದಕ್ಕೆ ಮೊದಲು ಸಾರಿಗೆ ಅಧಿಕಾರಿಗಳನ್ನು ವಿಚಾರಿಸತಕ್ಕದ್ದು.

ಊರಿನಲ್ಲಿ ದೊರೆಯುವುದನ್ನು ಊರಿಗೇ ಬಿಡುವುದು ಇನ್ನೊಂದು ಉಪಾಯ. ರಾಯಚೂರಿನಿಂದ ಗಬ್ಬೂರಿನ ಹಳೆಯ ದೇವಾಲಯಗಳನ್ನು ನೋಡಿಕೊಂಡು ದೇವದುರ್ಗಕ್ಕೆ, ಅಲ್ಲಿಂದ ಕೃಷ್ಣಾತೀರದ ಕೊಪ್ಪರದ ನರಸಿಂಹನ ಸನ್ನಿಧಿಗೆ, ತರುವಾಯ ಸಿರವಾರದ ಮೇಲೆ ಮಾನ್ವಿಗೆ ಹೋಗುವವನಿಗೆ ದಾರಿಯ ಯಾವ ಸಂತೆಯಲ್ಲಿಯೂ ಕಾಯಿಪಲ್ಯ, ಮೊಸರು, ಒಗ್ಗರಣಿ ಮಂಡಾಳು ಮಿರ್ಚಿ ಸಿಗುತ್ತವೆ. ಮೂರು ದಿನದ ದಾರಿಗೆ ಮೂವತ್ತು ದಿನದ ದಿನಸಿ ಏಕೆ? ಇದೇ ಸೀಮೆಯಲ್ಲಿ ಮಾನ್ವಿಯ ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರು, ದೇವದುರ್ಗದ ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಟದ ಜಗನ್ನಾಥದಾಸರು ಹರಿದಾಸ ಪರಂಪರೆಗೆ ಸೇರಿದವರು. ಆ ಪರಂಪರೆಯ ಸಂಚಾರಿಗಳ ಸಾಮಾನೆಂದರೆ ತಂಬೂರಿ, ಚಿಟಿಕೆ, ಗೆಜ್ಜೆ, ಗೋಪಾಳ ಬುಟ್ಟಿ. ದಿನದ ಆಹಾರವು ಆ ದಿನದ ಊರಿನದು. ಗೃಹಸ್ಥನು ಅಷ್ಟರ ಮಟ್ಟಿಗೆ ಹೋಗಲಾರನಾದರೂ ಪಟ್ಟಿ ಬರೆಯುವಾಗ ಅವರನ್ನು ಒಮ್ಮೆ ನೆನೆಯಬಹುದು.

ಇದುವರೆಗೆ ಹೇಳಿದುದೆಲ್ಲ ಸಂತೋಷಕ್ಕಾಗಿ ಸಂಚರಿಸುವವರ ಮಾತಾಯಿತು. ಮಿತವಾದ ಸ್ಥಳದಲ್ಲಿ ಮನೆಯನ್ನು ಕಟ್ಟಿಕೊಂಡು ಹೊರಡುವ ವಿದ್ಯೆಯನ್ನು ಇಂದಿಗೂ ಅನಿವಾರ್ಯವಾಗಿ ಅಭ್ಯಾಸ ಮಾಡುತ್ತಿರುವವರು ಇದೇ ದೇವದುರ್ಗ ಮಾನ್ವಿಗಳ ಕೂಲಿಕಾರರು. ಮಳೆ ಕೈಕೊಟ್ಟ ವರ್ಷಗಳಲ್ಲಿ, ಸುಗ್ಗಿ ಮುಗಿದು ಕೆಲಸವಿಲ್ಲದ ತಿಂಗಳುಗಳಲ್ಲಿ, ಬೆಂಗಳೂರು, ಪುಣೆ, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬದ ಹೆಣ್ಣುಮಗಳು ಒಂದು ಪ್ಲಾಸ್ಟಿಕ್ ಚೀಲದೊಳಗೆ ಜೋಳವನ್ನು, ಜೋಳದೊಳಗೆ ಒಡೆಯುವ ಸಾಮಾನನ್ನು, ಕೊಡದೊಳಗೆ ಖಾರದ ಪುಡಿಯನ್ನೂ ಮಕ್ಕಳ ಬಟ್ಟೆಯನ್ನೂ, ಪಾತ್ರೆಯೊಳಗೆ ಪಾತ್ರೆಯನ್ನು, ಕೌದಿಯೊಳಗೆ ತವೆಯನ್ನು ಸುತ್ತಿ ಕಟ್ಟುವುದನ್ನು ಕಂಡವರು, ಕ್ಯಾಂಪರ್ ವ್ಯಾನಿನ ವಿನ್ಯಾಸಕಾರರು ಕಲಿಯಬೇಕಾದುದೆಲ್ಲವೂ ಅಲ್ಲಿಯೇ ಇದೆಯೆಂದು ಒಪ್ಪುವರು. ಕೌದಿಯಾದರೋ ಹರಿದ ಸೀರೆಗಳನ್ನು ಪದರ ಪದರವಾಗಿ ಹೊಲಿದು ಮಾಡಿದುದು. ಅದು ಮೊದಲು ಸಾಮಾನಿನ ಹೊದಿಕೆ, ಬಸ್ಸಿನಲ್ಲಿ ಆಸನ, ಶೆಡ್ಡಿನಲ್ಲಿ ಹಾಸಿಗೆ, ಚಳಿಗೆ ಹೊದಿಕೆ. ಪಡಿತರ ಚೀಟಿಯನ್ನು ಬೇರೆ ಊರಿನಲ್ಲಿಯೂ ಬಳಸಬಹುದೆಂಬ ವ್ಯವಸ್ಥೆಯು ಬಂದ ಮೇಲೆ ಧಾನ್ಯದ ಹೊರೆಯು ಕೆಲವರಿಗಾದರೂ ತಗ್ಗಿರಬೇಕು.

ತಗ್ಗದೆ ಉಳಿದಿರುವುದು ತಲಪಿದ ಮೇಲಿನ ಕಷ್ಟ. ಅಲ್ಲಿ ಅವರಿಗೆ ದೊರೆಯುವ ತಗಡಿನ ಶೆಡ್ಡು ವಿಸ್ತಾರದಲ್ಲಿ ವ್ಯಾನಿಗಿಂತ ಬಹಳ ದೊಡ್ಡದೇನಲ್ಲ. ಆದರೆ ವ್ಯಾನಿಗೆ ನಾವು ಮಾಡುವ ಯೋಚನೆಯ ಲೇಶವೂ ಅದಕ್ಕೆ ಸಲ್ಲುವುದಿಲ್ಲ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಆದ ಕೇಂದ್ರ ಕಾಯಿದೆಯ 34ನೆಯ ಕಲಮಿನ ಮೇರೆಗೆ ಉದ್ಯೋಗದಾತನು ಕೆಲಸ ನಡೆಯುವವರೆಗೆ ಬಿಟ್ಟಿಯಾಗಿ ವಸತಿಯನ್ನು ಒದಗಿಸಬೇಕಾಗಿತ್ತು, ಅದರಲ್ಲಿ ಅಡಿಗೆಗೂ ಸ್ನಾನಕ್ಕೂ ಬಟ್ಟೆ ಒಗೆಯುವುದಕ್ಕೂ ಶೌಚಕ್ಕೂ ಪ್ರತ್ಯೇಕ ಏರ್ಪಾಡಿರಬೇಕಾಗಿತ್ತು. ಸಾಮಾನು ಇಟ್ಟುಕೊಳ್ಳುವ ಸ್ಥಳದ ಮಾತು ಆ ಕಲಮಿನಲ್ಲಿರಲಿಲ್ಲ. ಹಿಟ್ಟು ನೆಲದ ತೇವಕ್ಕೆ ಕೆಡುತ್ತದೆ, ಮಕ್ಕಳ ಪುಸ್ತಕ ಮಳೆಗೆ ನೆನೆಯುತ್ತದೆ, ಆಧಾರ್ ಚೀಟಿ, ಬ್ಯಾಂಕಿನ ಪುಸ್ತಕ, ಒಂದು ಗುಂಜಿ ಬಂಗಾರ ಇದ್ದರೆ ಅದನ್ನು ಮೈಮೇಲೆಯೇ ಕಟ್ಟಿಕೊಂಡು ಇಟ್ಟಿಗೆ ಹೊರಬೇಕು. ಪ್ರತಿಯೊಂದು ಶೆಡ್ಡಿನಲ್ಲಿಯೂ ನೆಲದಿಂದ ಒಂದಡಿ ಎತ್ತರಕ್ಕೆ ಒಂದು ಹಲಗೆ, ಮೇಲುಗಡೆ ಇನ್ನೊಂದು, ಸೂರಿನ ಕೊಳವೆಗೆ ನಾಲ್ಕು ಕೊಂಡಿ, ಬೀಗ ಹಾಕಬಹುದಾದ ಒಂದು ಟ್ರಂಕು ಇರಬೇಕೆಂದು ರಾಜ್ಯದ ನಿಯಮಗಳಲ್ಲಿ ಸೇರಿಸುವುದಕ್ಕೆ ಅಡ್ಡಿಯೇನೂ ಕಾಣದು. ಕಾರ್ಮಿಕರ ಕಲ್ಯಾಣಕ್ಕೆಂದೇ ಕಟ್ಟಡದ ವೆಚ್ಚದ ಮೇಲೆ ಸುಂಕವನ್ನು ವಸೂಲು ಮಾಡುವ ಮಂಡಲಿಯು, ಊರು ಬಿಡುವ ಮೊದಲೇ ದೇವದುರ್ಗ ಮಾನ್ವಿಗಳ ಬಸ್ ನಿಲ್ದಾಣದಲ್ಲಿ ಆ ಟ್ರಂಕನ್ನು ಅವರ ಕೈಗೆ ಕೊಡಬಹುದು, ಮತ್ತು ಆ ತಿಂಗಳುಗಳಲ್ಲಿ ಹೊರಡುವ ದೂರದ ಬಸ್ಸುಗಳಲ್ಲಿ ಅದನ್ನಿಡಲು ಆಸನದಡಿಯ ಒಂದು ಅಂಕಣವನ್ನು ಸಾರಿಗೆಯವರು ತೆರವಾಗಿ ಬಿಡಬಹುದು.